ತಿಪ್ಪೆಯಿಂದ ಅರಮನೆಗೆ: ರಾಜವೈದ್ಯ ಜೀವಕ

ಪರನಾಡಿನ ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಇಂದು ಆಯುರ್ವೇದವೆಂದರೆ ಬಹುಮಟ್ಟಿಗೆ ಅಂಗಡಿಯಿಂದ ತಂದಿಟ್ಟ ಒಂದು ಡಬ್ಬಿ. ಅದು ಚ್ಯವನಪ್ರಾಶವಾಗಿರಬಹುದು, ತ್ರಿಫಲಾ ಚೂರ್ಣವಾಗಿರಬಹುದು. ಬೆಳಗಿನ ರೈಲು ಹಿಡಿಯುವ ಅವಸರದಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಹೊರಡುತ್ತೇವೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ರಾತ್ರಿ ಹತ್ತೂವರೆಗೆ ಉಂಡು, ಉಂಡ ಕೈ ಆರುವ ಮೊದಲೇ ಮಲಗುತ್ತೇವೆ. ಮೈಯಲ್ಲಿ ಕಸುವು ಕುಂದಿತೆನಿಸಿದಾಗ ಇನ್ನೊಂದು ಡಬ್ಬಿಯನ್ನು ತರುತ್ತೇವೆ. ಪ್ರಾಣಶಕ್ತಿಯನ್ನು ಹೀಗೆ ಕೊಂಡು ತರಲು ಬರುವುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮಗೆ ನೆನಪಾಗುವವನು ಸುಮಾರು 2500 ವರ್ಷಗಳ ಹಿಂದೆ ಮಗಧದಲ್ಲಿ ಬಾಳಿದ ರಾಜವೈದ್ಯ ಜೀವಕ. ತಲೆಬುರುಡೆಯನ್ನೇ ತೆರೆದು ಹೊಲಿದನೆಂದು ಖ್ಯಾತನಾದ ಈ ವೈದ್ಯನು ಬುದ್ಧನ ಸಂಘಕ್ಕೆ ಸೂಚಿಸಿದ ಅತಿ ದೊಡ್ಡ ಚಿಕಿತ್ಸೆಯಲ್ಲಿ ಬೇರೂ ಇರಲಿಲ್ಲ, ನಾರೂ ಇರಲಿಲ್ಲ.

ಜೀವಕನ ಬಾಳಿನ ಕತೆಯು ಪಾಲಿ ಭಾಷೆಯ ವಿನಯಪಿಟಕದಲ್ಲಿ, ಮಹಾವಗ್ಗದ 8ನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ವಿಚಿತ್ರವೆಂದರೆ ಅದು ವೈದ್ಯದ ಅಧ್ಯಾಯವಲ್ಲ, ಭಿಕ್ಷುಗಳು ಉಡುವ ಬಟ್ಟೆಯ ಕುರಿತಾದ ಅಧ್ಯಾಯ. ವೈದ್ಯನ ಕತೆ ಅಲ್ಲಿ ಬಂದದ್ದೇಕೆಂಬುದು ಮುಂದೆ ತಿಳಿಯುತ್ತದೆ. ಟಿಬೆಟಿನ ಹಾಗೂ ಚೀನದ ಬೌದ್ಧ ಗ್ರಂಥಗಳಲ್ಲಿಯೂ ಈ ಕತೆ ಇದೆ. ವಿವರಗಳು ಅಲ್ಲಲ್ಲಿ ಬೇರೆಯಾಗುತ್ತವೆ. ಜಿ. ಪಿ. ರಾಜರತ್ನಂ ಅವರು ಪಾಲಿಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದುದರಿಂದ ನಮ್ಮ ಹಿರಿಯ ತಲೆಮಾರಿನ ಓದುಗರಿಗೆ ಆ ಲೋಕವೇನೂ ಅಪರಿಚಿತವಲ್ಲ. ಇಲ್ಲಿ ನಾವು ಮುಖ್ಯವಾಗಿ ಪಾಲಿಯ ಕತೆಯನ್ನೇ ಅನುಸರಿಸಿದ್ದೇವೆ.

ಬಿಂಬಿಸಾರನು ಮಗಧವನ್ನು ಆಳುತ್ತಿದ್ದ ಕಾಲವದು. ರಾಜಧಾನಿಯಾದ ರಾಜಗೃಹದಲ್ಲಿ ಸಾಲವತಿಯೆಂಬ ಪ್ರಸಿದ್ಧ ಗಣಿಕೆ ಇದ್ದಳು. ಗರ್ಭಿಣಿಯಾದ ಸಂಗತಿ ಹೊರಬಿದ್ದರೆ ತನ್ನ ಮಾನ್ಯತೆ ಹೋಗುವುದೆಂದು ಹೆದರಿ, ಕಾಯಿಲೆಯ ನೆಪದಿಂದ ಮನೆಯೊಳಗೇ ಉಳಿದು ಒಂದು ಗಂಡುಮಗುವನ್ನು ಹೆತ್ತಳು. ಆಕೆಯ ಅಪ್ಪಣೆಯಂತೆ ದಾಸಿಯು ಶಿಶುವನ್ನು ಹಳೆಯ ಮೊರವೊಂದರಲ್ಲಿಟ್ಟು ತಿಪ್ಪೆಯ ಮೇಲೆ ಬಿಟ್ಟು ಬಂದಳು. ಬೆಳಿಗ್ಗೆ ಅರಸನ ದರ್ಶನಕ್ಕೆಂದು ಆ ದಾರಿಯಲ್ಲಿ ಹೊರಟಿದ್ದ ರಾಜಕುಮಾರ ಅಭಯನು ಕಾಗೆಗಳ ಗುಂಪನ್ನು ಕಂಡು ಅದೇನೆಂದು ವಿಚಾರಿಸಿದನು. ಮಗುವೆಂದರು. ಬದುಕಿದೆಯೇ ಎಂದು ಕೇಳಿದನು. ಜೀವವಿದೆ ಎಂದರು. ಆ ಒಂದು ಮಾತಿನಿಂದಲೇ ಮಗುವಿಗೆ ಜೀವಕನೆಂಬ ಹೆಸರು ಬಂದಿತು. ರಾಜಕುಮಾರನು ಸಾಕಿದ್ದರಿಂದ ಕುಮಾರಭೃತನೆಂದೂ ಕರೆದರು. ಪಾಲಿಯ ಕೋಮಾರಭಚ್ಚ ಎಂಬ ಆ ಹೆಸರನ್ನು ಆಯುರ್ವೇದದ ಅಷ್ಟಾಂಗಗಳಲ್ಲಿ ಒಂದಾದ ಕೌಮಾರಭೃತ್ಯಕ್ಕೆ, ಎಂದರೆ ಶಿಶುವೈದ್ಯಕ್ಕೆ, ಹೊಂದಿಸಿ ಅರ್ಥ ಹೇಳುವ ವಿದ್ವಾಂಸರೂ ಇದ್ದಾರೆ. ನಮ್ಮ ಕನ್ನಡನಾಡಿನಲ್ಲಿ ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮಗುವನ್ನು ಒಮ್ಮೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ಪ್ರಸಂಗ ಎಲ್ಲಿಯದೋ ಎನಿಸಲಾರದು.

ಬೆಳೆದು ತಿಳಿವಳಿಕೆ ಬಂದ ಮೇಲೆ ಜೀವಕನು ತನ್ನ ತಾಯಿತಂದೆ ಯಾರೆಂದು ರಾಜಕುಮಾರನನ್ನು ಕೇಳಿದನು. ತಾಯಿಯನ್ನು ತಾನರಿಯೆನೆಂದೂ, ಸಾಕಿದ ತಾನೇ ತಂದೆಯೆಂದೂ ಅಭಯನು ಹೇಳಿದನು. ಪ್ರೀತಿಯ ಉತ್ತರವೇ ಅದು. ಆದರೆ ಹುಡುಗನಿಗೆ ತನ್ನ ಸ್ಥಿತಿ ಅರ್ಥವಾಯಿತು. ರಾಜಮನೆತನದ ಆಶ್ರಯದಲ್ಲಿ ಕೈಯಲ್ಲೊಂದು ವಿದ್ಯೆಯಿಲ್ಲದೆ ಬಾಳುವುದು ಕಷ್ಟವೆಂದು ಬಗೆದು, ಯಾರಿಗೂ ತಿಳಿಸದೆ ತಕ್ಷಶಿಲೆಯ ಹಾದಿ ಹಿಡಿದನು. ರಾಜಗೃಹ ಇಂದಿನ ಬಿಹಾರದಲ್ಲಿದೆ, ತಕ್ಷಶಿಲೆ ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿದೆ. ಉತ್ತರ ಭಾರತದ ಉದ್ದಕ್ಕೂ ನಡೆದ ಹಾಗಾಯಿತು.

ಅಲ್ಲಿ ದಿಕ್ಕುದಿಕ್ಕುಗಳಿಗೆ ಹೆಸರಾದ ಆಚಾರ್ಯನೊಬ್ಬನ ಬಳಿ 7 ವರ್ಷ ವೈದ್ಯವನ್ನು ಕಲಿತನು. ಟಿಬೆಟಿನ ಪರಂಪರೆ ಆ ಗುರುವನ್ನು ಆತ್ರೇಯನೆಂದು ಕರೆಯುತ್ತದೆ. ಬಹಳಷ್ಟನ್ನು ಬೇಗ ಕಲಿಯುವ, ಕಲಿತದ್ದನ್ನು ಮರೆಯದ ಶಿಷ್ಯ. ಆದರೂ 7 ವರ್ಷ ಕಳೆದರೂ ವಿದ್ಯೆಯ ಕೊನೆ ಕಾಣಲಿಲ್ಲ. ಇದಕ್ಕೆ ಅಂತ್ಯವೆಂದು ಎಂದು ಗುರುವನ್ನು ಕೇಳಿದಾಗ, ಗುದ್ದಲಿ ಹಿಡಿದು ಊರಿನ ಸುತ್ತ ಒಂದು ಯೋಜನ ದೂರ ಅಲೆದು, ಔಷಧಿಯಲ್ಲದ ಯಾವುದನ್ನಾದರೂ ಕಂಡರೆ ಅದನ್ನು ತರಬೇಕೆಂದು ಆತ ಅಪ್ಪಣೆ ಮಾಡಿದನು. ಜೀವಕನು ಬರಿಗೈಯಲ್ಲಿ ಮರಳಿದನು. ಔಷಧಿಯಲ್ಲದ್ದು ಒಂದೂ ಸಿಕ್ಕಲಿಲ್ಲ. ಗುರುವು ಇನ್ನು ನಿನ್ನ ವಿದ್ಯೆ ಮುಗಿಯಿತೆಂದು ದಾರಿಗೆ ಒಂದಿಷ್ಟು ಬುತ್ತಿ ಕೊಟ್ಟು ಕಳುಹಿದನು.

ಈ ಪರೀಕ್ಷೆಯ ಕತೆಯನ್ನು ನಮ್ಮಲ್ಲಿ ಅನೇಕರು ಕೇಳಿರುತ್ತಾರೆ. ಗಿಡಮೂಲಿಕೆಗಳ ಹಿರಿಮೆಗೆ ಇದನ್ನು ಉದಾಹರಿಸುವುದು ರೂಢಿ. ನಮಗೆ ತೋರುವುದು ಬೇರೆ. ಎಲ್ಲವೂ ಔಷಧಿಯಾಗಬಹುದಾದರೆ ಯಾವುದೊಂದೂ ತಾನಾಗಿಯೇ ಔಷಧಿಯಲ್ಲ. ಯಾರಿಗೆ, ಎಷ್ಟು, ಯಾವಾಗ ಎಂಬುದೇ ಅದನ್ನು ಔಷಧಿಯಾಗಿಸುತ್ತದೆ. ಚರಕಸಂಹಿತೆಯು ಜಗತ್ತಿನಲ್ಲಿ ಔಷಧವಲ್ಲದ ದ್ರವ್ಯವಿಲ್ಲವೆಂದು ಹೇಳುವಾಗಲೂ ಯುಕ್ತಿಯನ್ನೂ ಉದ್ದೇಶವನ್ನೂ ಜೊತೆಗೆ ಹೇಳದೆ ಬಿಡುವುದಿಲ್ಲ. ಮುಂದೆ ಜೀವಕನು ಮಾಡಿದ ಚಿಕಿತ್ಸೆಗಳನ್ನೆಲ್ಲ ಈ ದೃಷ್ಟಿಯಿಂದ ನೋಡಬೇಕು.

ಬುತ್ತಿ ಸಾಕೇತಕ್ಕೆ ಬರುವಷ್ಟರಲ್ಲಿ ತೀರಿತು. ಅಲ್ಲಿಯ ಶ್ರೇಷ್ಠಿಯ ಹೆಂಡತಿಗೆ 7 ವರ್ಷಗಳಿಂದ ತಲೆನೋವು. ಹೆಸರಾಂತ ವೈದ್ಯರು ಬಂದು, ಹಣ ಪಡೆದು, ಗುಣಪಡಿಸದೆ ಹೋಗಿದ್ದರು. ಈ ಎಳೆಯ ವೈದ್ಯ ಏನು ಮಾಡಿಯಾನೆಂದು ಆಕೆ ಬೇಡವೆಂದಳು. ಗುಣವಾದ ಮೇಲೆ ಮನಬಂದಷ್ಟು ಕೊಟ್ಟರೆ ಸಾಕೆಂದು ಜೀವಕನು ಹೇಳಿಕಳುಹಿಸಿ ಒಳಗೆ ಹೋದನು. ಒಂದು ಬೊಗಸೆ ತುಪ್ಪ ತರಿಸಿ, ಅದರಲ್ಲಿ ಹಲವು ಮೂಲಿಕೆಗಳನ್ನು ಹಾಕಿ ಕಾಯಿಸಿ, ಆಕೆಯನ್ನು ಅಂಗಾತ ಮಲಗಿಸಿ ಮೂಗಿನಲ್ಲಿ ಹಾಕಿದನು. ಇಂದು ಪಂಚಕರ್ಮದಲ್ಲಿ ನಸ್ಯವೆನ್ನುವುದು ಇದನ್ನೇ. ತುಪ್ಪ ಬಾಯಿಗೆ ಬಂದಾಗ ಆಕೆ ಪಾತ್ರೆಯೊಂದರಲ್ಲಿ ಉಗುಳಿ, ಅದನ್ನು ಹತ್ತಿಯಿಂದ ಹಿಂಡಿ ಎತ್ತಿಡುವಂತೆ ದಾಸಿಗೆ ಹೇಳಿದಳು. ಉಗುಳಿದ ತುಪ್ಪವನ್ನೂ ಬಿಡದ ಈ ಹೆಣ್ಣುಮಗಳು ತನಗೇನು ಕೊಟ್ಟಾಳೆಂದು ಜೀವಕನ ಮುಖ ಬಾಡಿತು. ಗೃಹಿಣಿ ಅದನ್ನು ಗಮನಿಸಿದಳು. ಮನೆ ನಡೆಸುವವರು ಇದನ್ನೆಲ್ಲ ನೋಡಬೇಕಾಗುತ್ತದೆ, ಆಳುಗಳ ಕಾಲಿಗೆ ತಿಕ್ಕಲು, ದೀಪಕ್ಕೆ ಹಾಕಲು ಇದು ಬರುತ್ತದೆ, ನಿನ್ನ ಸಂಭಾವನೆಗೆ ಚಿಂತೆ ಬೇಡವೆಂದು ಸಮಾಧಾನ ಹೇಳಿದಳು. ನಮ್ಮ ಅಜ್ಜಿಯಂದಿರಲ್ಲಿ ಯಾರಾದರೂ ಆಡಬಹುದಾದ ಮಾತು. ಒಂದೇ ನಸ್ಯದಿಂದ ತಲೆನೋವು ಹೋಯಿತು. ಆಕೆ, ಮಗ, ಸೊಸೆ, ಶ್ರೇಷ್ಠಿ ನಾಲ್ವರೂ ತಲಾ 4000ದಂತೆ 16,000 ನಾಣ್ಯಗಳನ್ನು ಕೊಟ್ಟರು. ಜೊತೆಗೆ ದಾಸ, ದಾಸಿ, ಕುದುರೆಯ ರಥ. ಜೀವಕನು ಈ ಮೊದಲ ಗಳಿಕೆಯನ್ನೆಲ್ಲ ಒಯ್ದು ಸಾಕಿದ ಅಭಯನ ಮುಂದಿಟ್ಟನು. ಅಭಯನು ಅದನ್ನು ಮುಟ್ಟಲಿಲ್ಲ. ತನ್ನ ಆವರಣದಲ್ಲಿಯೇ ಮನೆ ಕಟ್ಟಿಕೊಂಡಿರೆಂದನು.

ಅನಂತರ ಬಿಂಬಿಸಾರನಿಗೆ ಭಗಂದರದ ಬಾಧೆ. ಉಟ್ಟ ಬಟ್ಟೆಗೆ ರಕ್ತವಾಗುವುದನ್ನು ಕಂಡು ಅಂತಃಪುರದ ಸ್ತ್ರೀಯರು ಪರಿಹಾಸ್ಯ ಮಾಡುತ್ತಿದ್ದರು. ಅರಸನಿಗೆ ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ಜೀವಕನು ಉಗುರಿನಲ್ಲಿ ಔಷಧಿಯನ್ನು ತೆಗೆದುಕೊಂಡು ಹೋಗಿ ಒಂದೇ ಲೇಪದಿಂದ ಗುಣಪಡಿಸಿದನು. ಅರಸನು ಅಂತಃಪುರದ 500 ಸ್ತ್ರೀಯರ ಆಭರಣಗಳನ್ನು ರಾಶಿ ಹಾಕಿಸಿ ಕೊಡಬಂದಾಗ, ತನ್ನ ಸೇವೆಯ ನೆನಪಿದ್ದರೆ ಸಾಕೆಂದು ಅದನ್ನೊಲ್ಲದೆ ನಿಂತನು. ಅಂದಿನಿಂದ ಅರಸನಿಗೆ, ಅಂತಃಪುರಕ್ಕೆ, ಬುದ್ಧನ ಸಂಘಕ್ಕೆ ಅವನೇ ವೈದ್ಯನಾದನು.

ಶಸ್ತ್ರಚಿಕಿತ್ಸೆಯ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ವಾರಾಣಸಿಯ ಶ್ರೇಷ್ಠಿಯ ಮಗನೊಬ್ಬನಿಗೆ ಲಾಗ ಹಾಕುವ ಆಟದಲ್ಲಿ ಕರುಳು ಗಂಟುಬಿದ್ದು, ಕುಡಿದ ಗಂಜಿಯೂ ಅರಗದೆ ನರಗಳೆದ್ದು ಕಾಣುವಷ್ಟು ಸೊರಗಿದ್ದನು. ಜೀವಕನು ಜನರನ್ನು ಹೊರಗೆ ಕಳುಹಿಸಿ, ತೆರೆ ಕಟ್ಟಿಸಿ, ರೋಗಿಯನ್ನು ಕಂಬಕ್ಕೆ ಬಿಗಿದು ಹೆಂಡತಿಯನ್ನು ಎದುರಿಗೆ ನಿಲ್ಲಿಸಿ ಹೊಟ್ಟೆಯನ್ನು ಸೀಳಿದನು. ಗಂಟನ್ನು ಆಕೆಗೆ ತೋರಿಸಿ ಬಿಡಿಸಿ, ಕರುಳನ್ನು ಒಳಗಿಟ್ಟು ಹೊಲಿದು ಲೇಪ ಹಚ್ಚಿದನು. ಇನ್ನೊಬ್ಬನು ರಾಜಗೃಹದ ಶ್ರೇಷ್ಠಿ. ತಲೆಯ ರೋಗದಿಂದ ನರಳುತ್ತಿದ್ದ ಅವನು 5ನೆಯ ದಿನ ಸಾಯುವನೆಂದು ಕೆಲವರು, 7ನೆಯ ದಿನ ಸಾಯುವನೆಂದು ಕೆಲವರು ಕೈಬಿಟ್ಟಿದ್ದರು. ಒಂದು ಮಗ್ಗುಲಲ್ಲಿ 7 ತಿಂಗಳು, ಇನ್ನೊಂದರಲ್ಲಿ 7 ತಿಂಗಳು, ಅಂಗಾತ 7 ತಿಂಗಳು ಮಲಗಬಲ್ಲೆಯಾ ಎಂದು ಜೀವಕನು ಮೊದಲೇ ಕೇಳಿದನು. ಬದುಕುವ ಆಸೆಯಿಂದ ಶ್ರೇಷ್ಠಿ ಒಪ್ಪಿದನು. ಮಂಚಕ್ಕೆ ಕಟ್ಟಿ, ತಲೆಯ ಚರ್ಮವನ್ನು ಕೊಯ್ದು, ಬುರುಡೆಯ ಸಂಧಿಯನ್ನು ತೆರೆದು, ಒಳಗಿದ್ದ ಎರಡು ಹುಳುಗಳನ್ನು ತೆಗೆದು, ಮುಚ್ಚಿ ಹೊಲಿದನೆಂದು ಕತೆ ಹೇಳುತ್ತದೆ. ರೋಗಿ 7 ದಿನಕ್ಕೇ ಒಂದು ಮಗ್ಗುಲು ಸಾಕೆಂದನು. ಹೀಗೆ ಮೂರು ಬಾರಿ. 21 ದಿನಗಳಲ್ಲಿ ವಾಸಿಯಾಯಿತು. ತಿಂಗಳುಗಳ ಮಾತನ್ನು ಮೊದಲು ಆಡದಿದ್ದರೆ ನೀನು ಇಷ್ಟು ದಿನವೂ ಮಲಗುತ್ತಿರಲಿಲ್ಲವೆಂದು ಆಮೇಲೆ ಜೀವಕನು ಗುಟ್ಟು ಬಿಟ್ಟನು. ತಲೆಯೊಳಗಿನ ಹುಳುವನ್ನು ನಾವು ನಂಬಬೇಕಾಗಿಲ್ಲ. ಆದರೆ ಮನೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ಯಾರಿಗೂ ಈ 7 ತಿಂಗಳ ಉಪಾಯವನ್ನು ನಂಬುವುದು ಕಷ್ಟವಲ್ಲ. ಶ್ರೇಷ್ಠಿಯು ತನ್ನ ಆಸ್ತಿಯನ್ನೆಲ್ಲ ಕೊಟ್ಟು ದಾಸನಾಗುವೆನೆಂದನು. ಅರಸನಿಗೊಂದು ಲಕ್ಷ, ತನಗೊಂದು ಲಕ್ಷ ಸಾಕೆಂದು ಜೀವಕನು ಹೇಳಿದನು.

ಅವನ ಚಿಕಿತ್ಸೆಗಳಲ್ಲಿ ತುಸು ನಗೆ ತರಿಸುವಂಥದು ಉಜ್ಜಯಿನಿಯದು. ಅಲ್ಲಿಯ ಅರಸ ಪ್ರದ್ಯೋತನಿಗೆ ಪಾಂಡುರೋಗ. ಸಿಟ್ಟಿಗೆ ಹೆಸರಾದವನಾದ್ದರಿಂದ ಅವನನ್ನು ಚಂಡಪ್ರದ್ಯೋತನೆನ್ನುತ್ತಿದ್ದರು. ರೋಗಕ್ಕೆ ತುಪ್ಪವೇ ಮದ್ದು. ಅರಸನಿಗೋ ತುಪ್ಪವೆಂದರೆ ಹೇಸಿಗೆ. ಜೀವಕನು ಬಣ್ಣ, ವಾಸನೆ, ರುಚಿ ಮೂರರಲ್ಲಿಯೂ ಕಷಾಯವೆನಿಸುವಂತೆ ತುಪ್ಪವನ್ನು ಸಿದ್ಧಪಡಿಸಿದನು. ಕುಡಿದದ್ದು ಅರಗುವಾಗ ತೇಗಿನಲ್ಲಿ ಗುಟ್ಟು ರಟ್ಟಾಗುವುದೆಂದು ಅವನಿಗೆ ಗೊತ್ತಿತ್ತು. ಮೂಲಿಕೆ ತರಲು ಯಾವ ಹೊತ್ತಿಗಾದರೂ ಯಾವ ವಾಹನವನ್ನಾದರೂ ಏರಿ ಯಾವ ಬಾಗಿಲಿನಿಂದಾದರೂ ಹೋಗುವ ಅನುಮತಿಯನ್ನು ಮೊದಲೇ ಪಡೆದಿದ್ದನು. ದಿನಕ್ಕೆ 50 ಯೋಜನ ಓಡುವ ಹೆಣ್ಣಾನೆ ಭದ್ರಾವತಿಯನ್ನೇರಿ ಪಾರಾದನು. ಅರಸನು ದಿನಕ್ಕೆ 60 ಯೋಜನ ನಡೆಯುವ ಕಾಕನೆಂಬ ದಾಸನನ್ನು ಅಟ್ಟಿದನು. ವೈದ್ಯರು ಮಾಯಾವಿಗಳು, ಅವನು ಕೊಟ್ಟದ್ದೇನನ್ನೂ ತಿನ್ನಬೇಡವೆಂದು ಎಚ್ಚರಿಸಿದನು. ಕೌಶಾಂಬಿಯಲ್ಲಿ ಉಪಾಹಾರಕ್ಕೆ ಕುಳಿತಿದ್ದ ಜೀವಕನನ್ನು ಕಾಕನು ಹಿಡಿದನು. ಊಟ ಬೇಡವೆಂದ ಅವನು, ವೈದ್ಯನೇ ಅರ್ಧ ತಿಂದು ನೀರು ಕುಡಿದ ನೆಲ್ಲಿಕಾಯಿಯ ಉಳಿದರ್ಧಕ್ಕೆ ಮಾತ್ರ ಸೋತನು. ಉಗುರಿನಲ್ಲಿದ್ದ ಔಷಧಿ ಅಷ್ಟರಲ್ಲಿ ಅದರೊಳಗೆ ಸೇರಿತ್ತು. ಅಲ್ಲಿಯೇ ಅವನಿಗೆ ಭೇದಿ ಹತ್ತಿತು. ನಿನಗೂ ಭಯವಿಲ್ಲ, ಅರಸನಿಗೂ ಗುಣವಾಗುವುದೆಂದು ಧೈರ್ಯ ಹೇಳಿ, ಆನೆಯನ್ನು ಅವನಿಗೊಪ್ಪಿಸಿ ಜೀವಕನು ಊರು ಸೇರಿದನು. ಗುಣಮುಖನಾದ ಪ್ರದ್ಯೋತನು ಸಿಟ್ಟು ಮರೆತು ಶಿಬಿ ದೇಶದ ಅಮೂಲ್ಯವಾದ ಒಂದು ಜೋಡಿ ವಸ್ತ್ರವನ್ನು ಕಳುಹಿಸಿದನು.

ಆ ವಸ್ತ್ರವು ಜೀವಕನ ಮೈಮೇಲೆ ಬರಲಿಲ್ಲ. ಅದೇ ಹೊತ್ತಿನಲ್ಲಿ ಬುದ್ಧನ ದೇಹದಲ್ಲಿ ದೋಷಗಳು ತುಂಬಿ ವಿರೇಚನ ಬೇಕಾಗಿತ್ತು. ಆನಂದನು ಬಂದು ಹೇಳಿದಾಗ, ಕೆಲವು ದಿನ ಮೈಗೆ ಸ್ನೇಹನ ಮಾಡಿಸಬೇಕೆಂದು ಜೀವಕನು ಸೂಚಿಸಿದನು. ಮೊದಲು ಸ್ನೇಹನ, ಅನಂತರ ಶೋಧನ ಎಂಬ ಆಯುರ್ವೇದದ ಕ್ರಮ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ಒಂದೇ ದಿನದಲ್ಲಿ ಪಂಚಕರ್ಮ ಮುಗಿಸಿಕೊಡುವೆವೆನ್ನುವ ಜಾಹೀರಾತುಗಳನ್ನು ನೋಡುವಾಗ ಇದು ನೆನಪಾಗದಿರದು. ಉಗ್ರವಾದ ಭೇದಿಮದ್ದು ಇಂಥವನಿಗೆ ತಕ್ಕುದಲ್ಲವೆಂದು ನೈದಿಲೆಗಳಿಗೆ ಔಷಧಿಯನ್ನು ಊಡಿಸಿ, ಮೂರು ಹಿಡಿ ಹೂಗಳನ್ನು ಒಂದಾದ ಮೇಲೊಂದು ಮೂಸುವಂತೆ ಕೊಟ್ಟನು. ಒಂದೊಂದಕ್ಕೆ ಹತ್ತು ಬಾರಿಯಂತೆ 30 ಬಾರಿ ಆಗಬೇಕಿತ್ತು. ಮಹಾದ್ವಾರ ದಾಟಿದ ಮೇಲೆ, 29 ಬಾರಿ ಮಾತ್ರ ಆಗುತ್ತದೆ, ಬಿಸಿನೀರಿನ ಸ್ನಾನವಾದರೆ ಮಾತ್ರ 30ನೆಯದೆಂಬುದು ಹೊಳೆಯಿತು. ಹೇಳದೆ ಬಂದೆನಲ್ಲಾ ಎಂದು ಕಳವಳಗೊಂಡನು. ಬುದ್ಧನಿಗೆ ಅದು ತಾನಾಗಿ ತಿಳಿದು ಬಿಸಿನೀರು ಕಾಯಿಸಲು ಹೇಳಿದ್ದನಂತೆ. ಹೂ ಮೂಸಿದರೆ ಭೇದಿಯಾಗುವುದು ಭಕ್ತಿಯ ಮಾತಿರಬಹುದು. ಆದರೆ ರೋಗಿಯ ಬಲವನ್ನು ನೋಡಿ ಮದ್ದಿನ ತೀಕ್ಷ್ಣತೆಯನ್ನು ಇಳಿಸುವ ವಿವೇಕ ಕಟ್ಟುಕತೆಯಲ್ಲ.

ಗುಣವಾದ ಮೇಲೆ ಜೀವಕನು ಆ ವಸ್ತ್ರವನ್ನು ಬುದ್ಧನಿಗೆ ಅರ್ಪಿಸಿ ಒಂದು ವರ ಬೇಡಿದನು. ಅಲ್ಲಿಯವರೆಗೆ ಭಿಕ್ಷುಗಳು ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಗಳನ್ನು ಹೊಲಿದು ಉಡುತ್ತಿದ್ದರು. ಗೃಹಸ್ಥರು ಕೊಟ್ಟ ಬಟ್ಟೆಯನ್ನೂ ಉಡಲು ಅಪ್ಪಣೆಯಾಗಬೇಕೆಂದು ಅವನ ಕೋರಿಕೆ. ಬುದ್ಧನು ಒಪ್ಪಿದನು, ಚಿಂದಿಯನ್ನೇ ಉಡುವವರು ಅದನ್ನೇ ಉಡಲಿ ಎಂದೂ ಸೇರಿಸಿದನು. ಬಟ್ಟೆಯ ಅಧ್ಯಾಯದಲ್ಲಿ ವೈದ್ಯನ ಕತೆ ಸೇರಿದ್ದು ಹೀಗೆ. ತಿಪ್ಪೆಯಿಂದ ಎತ್ತಲ್ಪಟ್ಟ ಕೂಸೇ ಬೆಳೆದು ಭಿಕ್ಷುಗಳಿಗೆ ತಿಪ್ಪೆಯ ಚಿಂದಿಯಿಂದ ಬಿಡುಗಡೆ ಕೊಡಿಸಿತು.

ಇನ್ನು ನಾವು ಮೊದಲೇ ಸೂಚಿಸಿದ ಆ ದೊಡ್ಡ ಚಿಕಿತ್ಸೆಗೆ ಬರೋಣ. ವೈಶಾಲಿ ಆಗ ಸಮೃದ್ಧ ನಗರ. ಅಲ್ಲಿ ಭಿಕ್ಷುಗಳಿಗೆ ದಿನವೂ ಒಂದೊಂದು ಮನೆಯಲ್ಲಿ ಸವಿಯಾದ ಔತಣ. ತಿಂದು ತಿಂದು ಅವರ ಮೈಯಲ್ಲಿ ದೋಷಗಳು ಕೂಡಿ ಅನೇಕರು ಕಾಯಿಲೆ ಬಿದ್ದರು. ಯಾವುದೋ ಕೆಲಸಕ್ಕೆ ವೈಶಾಲಿಗೆ ಹೋಗಿದ್ದ ಜೀವಕನು ಇದನ್ನು ಕಂಡನು. ಅಷ್ಟು ಜನಕ್ಕೂ ವಿರೇಚನ ಕೊಡಬಹುದಿತ್ತು, ಚೂರ್ಣ ಹಂಚಬಹುದಿತ್ತು. ಅವನು ಬುದ್ಧನಲ್ಲಿಗೆ ಹೋಗಿ ಎರಡೇ ಅನುಮತಿಗಳನ್ನು ಕೇಳಿದನು: ಒಂದು ಚಂಕ್ರಮಣ, ಎಂದರೆ ಗೊತ್ತಾದ ಜಾಗದಲ್ಲಿ ಅತ್ತಿತ್ತ ನಡೆಯುವುದು, ಇನ್ನೊಂದು ಜಂತಾಘರ, ಎಂದರೆ ಬೆಂಕಿಯ ಕಾವಿನಲ್ಲಿ ಬೆವರುವ ಸ್ನಾನಗೃಹ. ಇವೆರಡೂ ದೊರೆತರೆ ಭಿಕ್ಷುಗಳಿಗೆ ರೋಗ ಕಡಿಮೆಯಾಗುವುದೆಂದು ವಿನಂತಿಸಿದನು.

ವಿನಯಪಿಟಕದ ಚುಲ್ಲವಗ್ಗದಲ್ಲಿ ಈ ಅಪ್ಪಣೆಯ ನಂತರ ಬರುವ ವಿವರಗಳು ಬಹಳ ಸ್ವಾರಸ್ಯವಾಗಿವೆ. ಏರುತಗ್ಗಿನ ನೆಲದಲ್ಲಿ ನಡೆದು ಕಾಲು ನೊಂದಿತು, ಆಗ ನೆಲವನ್ನು ಸಮ ಮಾಡಲು ಹೇಳಿದರು. ಜಗಲಿ ತಗ್ಗಾಗಿ ನೀರು ನಿಂತಿತು, ಎತ್ತರಿಸಿದರು. ಯಾರೋ ಬಿದ್ದರು, ಕಟಾಂಜನ ಹಾಕಿಸಿದರು. ಬಿಸಿಲು ಚಳಿಗೆ ಮಾಡು ಬಂದಿತು. ಸ್ನಾನಗೃಹದಲ್ಲಿ ಬೆಂಕಿಯ ಝಳಕ್ಕೆ ಮುಖ ಸುಡಬಾರದೆಂದು ಮುಖಕ್ಕೆ ಮಣ್ಣು ಮೆತ್ತಿಕೊಳ್ಳುವುದು, ಹೊಗೆ ಹೋಗಲು ಗೂಡು, ನೀರು ಹರಿಯಲು ತೂಬು, ಕೂರಲು ಪೀಠ, ಎಲ್ಲಕ್ಕೂ ಒಂದೊಂದು ನಿಯಮ. ನಮ್ಮ ವಸತಿ ಸಂಘಗಳ ಸಭೆಯ ನಡಾವಳಿ ಓದಿದಂತಾಗುತ್ತದೆ. ಅಡಿಗಡಿಗೆ ತೊಡಕು, ಅಡಿಗಡಿಗೆ ತಿದ್ದುಪಡಿ. ಕೊನೆಗೆ ನಡಿಗೆ ಸಂಘದ ದಿನಚರಿಯೇ ಆಯಿತು.

ಈ ಎರಡೂ ಮುಂದೆ ಆಯುರ್ವೇದದ ಗ್ರಂಥಗಳಲ್ಲಿ ಕಾಣಿಸುತ್ತವೆ. ದೇಹಕ್ಕೆ ಅತಿ ಆಯಾಸವಾಗದ ಚಂಕ್ರಮಣವು ಆಯುಷ್ಯ, ಬಲ, ಮೇಧೆ, ಅಗ್ನಿಗಳನ್ನು ಹೆಚ್ಚಿಸಿ ಇಂದ್ರಿಯಗಳನ್ನು ಚುರುಕುಗೊಳಿಸುವುದೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಚರಕಸಂಹಿತೆಯು ಹೇಳುವ 13 ಬಗೆಯ ಸ್ವೇದಗಳಲ್ಲಿ ಜೇಂತಾಕವೆಂಬುದೊಂದಿದೆ: ಕೊಳದ ಬಳಿ ಮಣ್ಣಿನಿಂದ ಕಟ್ಟಿದ ದುಂಡನೆಯ ಕೋಣೆ, ನಡುವೆ ಒಲೆ, ಗೋಡೆಯ ಸುತ್ತ ಮಲಗುವ ಜಗಲಿ. ಜಂತಾಘರ, ಜೇಂತಾಕ ಎಂಬ ಹೆಸರುಗಳ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಆಯುರ್ವೇದದ ದೃಷ್ಟಿಯಲ್ಲಿ ಪ್ರಾಣಶಕ್ತಿಯೆಂಬುದು ಹೊರಗಿನಿಂದ ತುಂಬುವ ಸರಕಲ್ಲ. ಉಂಡದ್ದು ಅಗ್ನಿಯಲ್ಲಿ ಪಕ್ವವಾಗಿ, ರಸವಾಗಿ, ಧಾತುಗಳಾಗಿ, ಕಟ್ಟಕಡೆಗೆ ಓಜಸ್ಸಾಗಬೇಕು. ಅಗ್ನಿ ಮಂದವಾದರೆ ಅಮೃತವನ್ನುಂಡರೂ ಅದು ಆಮವಾಗುತ್ತದೆ. ವೈಶಾಲಿಯ ಭಿಕ್ಷುಗಳಿಗೆ ಕೊರತೆಯಾದದ್ದು ಪುಷ್ಟಿಯಲ್ಲ. ಅವರಿಗೆ ಪುಷ್ಟಿಯೇ ಹೊರೆಯಾಗಿತ್ತು. ಅದಕ್ಕೆ ಇನ್ನಷ್ಟು ಲೇಹ್ಯ ಕೊಡುವುದು ಚಿಕಿತ್ಸೆಯಾಗುತ್ತಿರಲಿಲ್ಲ. ಪುಣೆ ಮುಂಬಯಿಗಳಲ್ಲಿ ನೆರೆಯ ಮರಾಠಿ ಮನೆಗಳವರು ರಾತ್ರಿ ಊಟವಾದ ಮೇಲೆ ಶತಪಾವಲಿಗೆ ಇಳಿಯುವುದನ್ನು ನಾವು ನೋಡುತ್ತೇವೆ. ನೂರು ಹೆಜ್ಜೆಯ ಆ ಪದ್ಧತಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಇದರಲ್ಲಿ ಜೀವಕನ ಪಾತ್ರವಿಲ್ಲ. ಕೋಸಲದ ಅರಸ ಪ್ರಸೇನಜಿತನು ಒಂದು ದ್ರೋಣ ಅಕ್ಕಿಯ ಅನ್ನವನ್ನು ಉಂಡು ಏದುಸಿರು ಬಿಡುತ್ತ ಬುದ್ಧನಲ್ಲಿಗೆ ಬಂದನು. ಮಿತವಾಗಿ ಉಣ್ಣುವವನಿಗೆ ಬಾಧೆ ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಮಾತನ್ನು ಬುದ್ಧನು ಆಡಿದನು. ಅರಸನು ಸುದರ್ಶನನೆಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ದಿನವೂ ತಾನು ಊಟಕ್ಕೆ ಕುಳಿತಾಗ ಹೇಳಲು 100 ಕಾರ್ಷಾಪಣಗಳ ಸಂಬಳಕ್ಕೆ ನೇಮಿಸಿದನು. ಕ್ರಮೇಣ ಅರಸನ ಊಟ ಒಂದು ನಾಳಿಗೆ ಇಳಿದು ಮೈ ಹಗುರಾಯಿತು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವು ಪುಕ್ಕಟೆಯಾಗಿ ಕೇಳುತ್ತ ಬೆಳೆದವರು. ಬಹುಶಃ ಅದಕ್ಕೇ ಅದರ ಬೆಲೆ ತಿಳಿದಿಲ್ಲ.

ಜೀವಕನ ಬಾಳಿನಲ್ಲಿ ನಮಗೆ ನುಂಗಲು ಕಷ್ಟವಾಗುವ ಒಂದು ಪುಟವೂ ಇದೆ. ಒಮ್ಮೆ ಮಗಧದಲ್ಲಿ ಕುಷ್ಠ, ಬಾವು, ಚರ್ಮರೋಗ, ಕ್ಷಯ, ಅಪಸ್ಮಾರ ಎಂಬ ಐದು ರೋಗಗಳು ಹಬ್ಬಿದವು. ಜನರು ಜೀವಕನ ಬಾಗಿಲಿಗೆ ಬಂದರು. ಅರಸ, ಅಂತಃಪುರ, ಸಂಘ ಇಷ್ಟರ ಹೊಣೆ ತನ್ನ ಮೇಲಿದೆ, ಇನ್ನು ತನ್ನಿಂದಾಗದೆಂದು ಅವನು ಕೈಮುಗಿದನು. ಇದ್ದುದನ್ನೆಲ್ಲ ಕೊಟ್ಟು ದಾಸರಾಗುವೆವೆಂದರೂ ಆಗದೆಂದನು. ಆಗ ಕೆಲವರಿಗೆ ಉಪಾಯ ಹೊಳೆಯಿತು. ಭಿಕ್ಷುವಾದರೆ ಈ ವೈದ್ಯನ ಚಿಕಿತ್ಸೆ, ಉಳಿದ ಭಿಕ್ಷುಗಳ ಶುಶ್ರೂಷೆ ಎರಡೂ ದೊರೆಯುತ್ತವೆ. ತಲೆ ಬೋಳಿಸಿ ಸಂಘ ಸೇರಿದರು. ರೋಗಿಗಳಿಗಾಗಿ ಬೇಡಿ ಬೇಡಿ ಭಿಕ್ಷುಗಳು ದಣಿದರು. ಜೀವಕನಿಗೆ ಅರಸನ ಕೆಲಸಕ್ಕೂ ಬಿಡುವಿಲ್ಲದಾಯಿತು. ಗುಣವಾದೊಡನೆ ಚೀವರ ಕಳಚಿ ಹೋದವನೊಬ್ಬ ದಾರಿಯಲ್ಲಿ ಸಿಕ್ಕು ನಿಜವನ್ನು ಹೇಳಿದಾಗ ಜೀವಕನು ನೊಂದನು. ಬುದ್ಧನಲ್ಲಿಗೆ ಹೋಗಿ ಈ ಐದು ರೋಗಗಳುಳ್ಳವರಿಗೆ ದೀಕ್ಷೆ ಕೊಡಬಾರದೆಂದು ಬೇಡಿದನು. ಹಾಗೆಯೇ ನಿಯಮವಾಯಿತು.

ಇದನ್ನು ಓದುವಾಗ ನಮಗೆ ಸಮಾಧಾನವಾಗುವುದಿಲ್ಲ. ಚಿಕಿತ್ಸೆಗಾಗಿ ಸನ್ಯಾಸ ತೆಗೆದುಕೊಳ್ಳಬೇಕಾದವನ ಸಂಕಟ ಸಣ್ಣದಲ್ಲ; ಅವನನ್ನು ಕಪಟಿಯೆಂದು ತಳ್ಳಿಬಿಡಲು ಮನಸ್ಸು ಬಾರದು. ಆದರೆ ಒಬ್ಬ ವೈದ್ಯನ ಶಕ್ತಿಗೂ ಎಲ್ಲೆಯಿದೆ. ಊರೊಬ್ಬನೇ ವೈದ್ಯನನ್ನು ನಂಬಿದರೆ ಆಗುವುದು ಇದೇ. ಬಹುಶಃ ಜೀವಕನು ನಡಿಗೆಗೂ ಸ್ನಾನಗೃಹಕ್ಕೂ ಅಷ್ಟು ಬೆಲೆ ಕೊಟ್ಟದ್ದು ಇದರಿಂದಲೂ ಇರಬಹುದು. ಅವುಗಳಿಗೆ ವೈದ್ಯನು ಬಳಿಯಲ್ಲಿರಬೇಕಾಗಿಲ್ಲ. ಜೀವಕನ ಕತೆಯಿರುವ ಅದೇ 8ನೆಯ ಅಧ್ಯಾಯದಲ್ಲಿ, ಅತಿಸಾರದಿಂದ ತನ್ನ ಹೇಸಿಗೆಯಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧನೂ ಆನಂದನೂ ತಮ್ಮ ಕೈಯಾರೆ ತೊಳೆದು ಮಂಚದ ಮೇಲೆ ಮಲಗಿಸಿದ ಪ್ರಸಂಗವೂ ಇದೆ. ಯಾರೂ ನೋಡುವವರಿಲ್ಲದವನನ್ನು ಭಿಕ್ಷುಗಳೇ ಪರಸ್ಪರ ನೋಡಿಕೊಳ್ಳಬೇಕೆಂಬ ಕಟ್ಟಳೆ ಅಲ್ಲಿಂದ ಬಂದಿತು. ಎರಡನ್ನೂ ಒಟ್ಟಿಗೆ ಓದಬೇಕು.

ಬುದ್ಧನು ಇರುತ್ತಿದ್ದ ವೇಣುವನವು ದೂರವಾದ್ದರಿಂದ, ಆರೈಕೆಗೆ ಹತ್ತಿರವಾಗಲೆಂದು ಜೀವಕನು ತನ್ನ ಮಾವಿನತೋಪನ್ನೇ ಸಂಘಕ್ಕೆ ಬಿಟ್ಟುಕೊಟ್ಟನು. ದೇವದತ್ತನು ಉರುಳಿಸಿದ ಬಂಡೆಯ ಚೂರು ತಗುಲಿ ಬುದ್ಧನ ಕಾಲಿಗೆ ಗಾಯವಾದಾಗ ಅವನನ್ನು ಕರೆತಂದದ್ದು ಅಲ್ಲಿಗೇ. ಜೀವಕನು ಖಾರವಾದ ಮದ್ದು ಹಾಕಿ ಕಟ್ಟು ಕಟ್ಟಿ, ಊರೊಳಗೆ ಇನ್ನೊಬ್ಬ ರೋಗಿಯನ್ನು ನೋಡಲು ಹೋದನು. ಮರಳುವಷ್ಟರಲ್ಲಿ ಕೋಟೆಯ ಬಾಗಿಲು ಮುಚ್ಚಿತ್ತು. ಹೊತ್ತಿಗೆ ಕಟ್ಟು ಬಿಚ್ಚದಿದ್ದರೆ ರಾತ್ರಿಯಿಡೀ ಉರಿಯುವುದೆಂದು ತಳಮಳಿಸುತ್ತ ಬೆಳಗು ಮಾಡಿದನು. ಬೆಳಿಗ್ಗೆ ಓಡಿ ಬಂದರೆ, ಬುದ್ಧನು ಸಕಾಲಕ್ಕೆ ಆನಂದನಿಂದ ಕಟ್ಟನ್ನು ಬಿಚ್ಚಿಸಿದ್ದನು.

ಬಿಂಬಿಸಾರನನ್ನು ಮಗ ಅಜಾತಶತ್ರುವೇ ಕೊಂದು ಪಟ್ಟವೇರಿದನು. ತನ್ನನ್ನು ಮೊದಲು ನಂಬಿದ ಅರಸನ ಕೊಲೆಗಾರನ ಆಸ್ಥಾನದಲ್ಲಿಯೂ ಜೀವಕನು ವೈದ್ಯನಾಗಿ ಉಳಿಯಬೇಕಾಯಿತು. ಕಾರ್ತಿಕದ ಹುಣ್ಣಿಮೆಯ ರಾತ್ರಿ, ಮನಸ್ಸಿಗೆ ಶಾಂತಿ ಕೊಡಬಲ್ಲವರು ಯಾರೆಂದು ಅಜಾತಶತ್ರು ಕೇಳಿದಾಗ ಮಂತ್ರಿಗಳು ಒಬ್ಬೊಬ್ಬ ಆಚಾರ್ಯನ ಹೆಸರು ಹೇಳಿದರು. ಜೀವಕನು ಸುಮ್ಮನಿದ್ದನು. ಅರಸನೇ ಕೇಳಿದ ಮೇಲೆ ತನ್ನ ತೋಪಿನಲ್ಲಿ ಬುದ್ಧನಿರುವನೆಂದನು. 500 ಹೆಣ್ಣಾನೆಗಳ ಪರಿವಾರದೊಡನೆ ಹೊರಟ ಅರಸನು ತೋಪಿನ ಬಳಿ ಬರುತ್ತಲೇ ಬೆವರತೊಡಗಿದನು. 1250 ಭಿಕ್ಷುಗಳಿರುವ ಜಾಗದಲ್ಲಿ ಒಂದು ಕೆಮ್ಮೂ ಸೀನೂ ಕೇಳದಿರಲು, ವೈದ್ಯನು ತನ್ನನ್ನು ಶತ್ರುಗಳಿಗೆ ಒಪ್ಪಿಸುತ್ತಿಲ್ಲವಷ್ಟೇ ಎಂದು ಅವನಿಗೆ ಭಯವಾಯಿತು. ಹೆದರಬೇಡ, ಅಲ್ಲಿ ಮಂಟಪದಲ್ಲಿ ದೀಪಗಳು ಉರಿಯುತ್ತಿವೆ, ಮುಂದೆ ನಡೆ ಎಂದು ಜೀವಕನು ಧೈರ್ಯ ತುಂಬಿದನು. ತಂದೆಯನ್ನು ಕೊಂದ ತಪ್ಪನ್ನು ಅರಸನು ಒಪ್ಪಿಕೊಂಡದ್ದು ಆ ರಾತ್ರಿಯೇ.

ಥಾಯ್ಲೆಂಡಿನ ಸಾಂಪ್ರದಾಯಿಕ ಅಂಗಮರ್ದನ ಕಲೆ 2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ಕಲಿಯುವವರು ಇಂದಿಗೂ ಆದಿಗುರುವೆಂದು ಜೀವಕನಿಗೆ ಕೈಮುಗಿಯುತ್ತಾರೆ. ನಮ್ಮಲ್ಲಿ ಅವನ ಗುರುತಾಗಿ ಉಳಿದಿರುವುದು ಬಿಹಾರದ ರಾಜಗೀರಿನಲ್ಲಿ. ಗೃಧ್ರಕೂಟಕ್ಕೆ ಹೋಗುವ ದಾರಿಯ ಪಕ್ಕದಲ್ಲಿ, ಉತ್ಖನನದಿಂದ ಹೊರಬಂದ ಅಂಡಾಕಾರದ ಉದ್ದನೆಯ ಕಟ್ಟಡಗಳ ಕಲ್ಲಿನ ತಳಪಾಯಗಳಿವೆ. ಜೀವಕನ ಮಾವಿನತೋಪು ಅದೇ ಎಂದು ಅಲ್ಲಿ ಫಲಕ ಹಾಕಿದ್ದಾರೆ. ರಾಜಗೀರಿಗೆ ಹೋಗುವವರು ಹಗ್ಗದ ತೊಟ್ಟಿಲನ್ನೇರುವ ಅವಸರದಲ್ಲಿ ಅದನ್ನು ದಾಟಿ ಹೋಗುವುದೇ ಹೆಚ್ಚು. ಬೆಳಗಿನ ತಂಪಿನಲ್ಲಿ ಆ ತಳಪಾಯಗಳ ಸುತ್ತ ಒಮ್ಮೆ ನಡೆದು ಬರಲು ಹೆಚ್ಚು ಹೊತ್ತು ಬೇಕಾಗದು.